ಬೇಲಾ ಬಲಾಸ್ಸಾ: ಕಾರು ಕೊಟ್ಟು ಕಾರು ಕೊಳ್ಳುವ ದೇಶಗಳ ಲೆಕ್ಕ

ಅಂತರರಾಷ್ಟ್ರೀಯ ವ್ಯಾಪಾರದ ಪಾಠ ರಿಕಾರ್ಡೋನಿಂದ ಶುರುವಾಗುತ್ತದೆ. ಇಂಗ್ಲೆಂಡ್ ಬಟ್ಟೆ ಕೊಡುತ್ತದೆ, ಪೋರ್ಚುಗಲ್ ವೈನ್ ಕೊಡುತ್ತದೆ, ಇಬ್ಬರಿಗೂ ಲಾಭ. ಇದು ನನಗೆ ಸುಲಭವಾಗಿ ಅರ್ಥವಾಯಿತು. ಆದರೆ ಜರ್ಮನಿ ಫ್ರಾನ್ಸಿಗೆ ಕಾರು ಮಾರಿ, ಅದೇ ಫ್ರಾನ್ಸಿನಿಂದ ಕಾರನ್ನೇ ಏಕೆ ಕೊಳ್ಳುತ್ತದೆ? ಮನೆಯಲ್ಲಿ ನಾವು ಇದಕ್ಕೆ ಅದ್ಲಾ-ಬದ್ಲಿ ಎನ್ನುತ್ತೇವೆ, ಕನ್ನಡದಲ್ಲಿ ಅದಲುಬದಲು. ಒಂದೇ ಬಗೆಯ ಸರಕನ್ನು ಅದಲುಬದಲು ಮಾಡಿ ಯಾರಿಗೆ ಏನು ಸಿಕ್ಕೀತು? ಈ ಪ್ರಶ್ನೆಯನ್ನು ಅಂಕಿ ಹಿಡಿದು ನೋಡಿದ ಮೊದಲಿಗರಲ್ಲಿ ಬೇಲಾ ಬಲಾಸ್ಸಾ ಒಬ್ಬರು.

ಅವರು ಹುಟ್ಟಿದ್ದು 1928ರ ಏಪ್ರಿಲ್ 6ರಂದು, ಹಂಗೇರಿಯ ಬುಡಾಪೆಸ್ಟ್‌ನಲ್ಲಿ. ಯುದ್ಧದ ನಂತರ ಆ ದೇಶ ಕಮ್ಯುನಿಸ್ಟ್ ಆಡಳಿತಕ್ಕೆ ಬಂತು. ಏನು ತಯಾರಿಸಬೇಕು, ಎಷ್ಟು ತಯಾರಿಸಬೇಕು ಎಂಬುದೆಲ್ಲ ಸರ್ಕಾರದ ಯೋಜನೆಯಲ್ಲೇ ತೀರ್ಮಾನವಾಗುತ್ತಿತ್ತು. 1956ರಲ್ಲಿ ಜನ ದಂಗೆ ಎದ್ದರು, ಸೋವಿಯತ್ ಟ್ಯಾಂಕುಗಳು ಬಂದವು, ಸುಮಾರು ಎರಡು ಲಕ್ಷ ಜನ ದೇಶ ಬಿಟ್ಟರು. ಅವರಲ್ಲಿ 28 ವರ್ಷದ ಬಲಾಸ್ಸಾ ಕೂಡ ಇದ್ದರು. ಆಸ್ಟ್ರಿಯಾ ಮೂಲಕ ಅಮೆರಿಕ ಸೇರಿ, 1959ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಪ್ರಬಂಧದ ವಿಷಯ ಬಿಟ್ಟು ಬಂದ ಊರಿನದೇ: ಹಂಗೇರಿಯ ಯೋಜನಾ ವ್ಯವಸ್ಥೆ. ಮೂರು ವರ್ಷದೊಳಗೆ, ಪರದೇಶದಲ್ಲಿ, ಪರಭಾಷೆಯಲ್ಲಿ! ಮನೆಮಾತು ಒಂದು, ಓದುವ ಭಾಷೆ ಇನ್ನೊಂದು ಆಗಿರುವವರಿಗೆ ಅದರ ಕಷ್ಟ ಗೊತ್ತು.

ಅವರು ದೇಶ ಬಿಟ್ಟ ಮರುವರ್ಷವೇ, 1957ರಲ್ಲಿ, ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಲಕ್ಸೆಂಬರ್ಗ್ ರೋಮ್ ಒಪ್ಪಂದಕ್ಕೆ ಸಹಿ ಹಾಕಿದವು. ತಮ್ಮತಮ್ಮೊಳಗಿನ ಸುಂಕವನ್ನು ಹಂತಹಂತವಾಗಿ ಇಳಿಸುತ್ತಾ 1968ರ ಹೊತ್ತಿಗೆ ತೆಗೆದೇ ಹಾಕಿದವು. ಆಗ ಅನೇಕರಿಗಿದ್ದ ಭಯ ಇದು: ಸುಂಕ ಹೋದರೆ ಬಲವಾದ ದೇಶದ ಉದ್ಯಮ ಉಳಿಯುತ್ತದೆ, ದುರ್ಬಲ ದೇಶದ ಅದೇ ಉದ್ಯಮ ಪೂರ್ತಿ ಮುಚ್ಚುತ್ತದೆ. ಬಲಾಸ್ಸಾ 1966ರ ಲೇಖನದಲ್ಲಿ ಅಂಕಿಅಂಶ ನೋಡಿದಾಗ ಹಾಗೆ ಆಗಿರಲಿಲ್ಲ. ಒಂದೇ ಉದ್ಯಮದಲ್ಲಿ ರಫ್ತೂ ಹೆಚ್ಚಿತ್ತು, ಆಮದೂ ಹೆಚ್ಚಿತ್ತು. (ಡಚ್ ಅರ್ಥಶಾಸ್ತ್ರಜ್ಞ ವೆರ್ಡೂರ್ನ್ 1960ರಲ್ಲೇ ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್‌ಗಳಲ್ಲಿ ಇದನ್ನು ಗಮನಿಸಿದ್ದರು.) ಕಾರ್ಖಾನೆಗಳು ಮುಚ್ಚುವ ಬದಲು ತಯಾರಿಸುವ ಬಗೆಗಳನ್ನು ಕಡಿಮೆ ಮಾಡಿಕೊಂಡವು. ಹತ್ತು ಬಗೆಯನ್ನು ಸ್ವಲ್ಪಸ್ವಲ್ಪ ಮಾಡುವವನು ಮೂರೇ ಬಗೆಯನ್ನು ಹೆಚ್ಚು ಸಂಖ್ಯೆಯಲ್ಲಿ ಮಾಡಿದರೆ ಒಂದೊಂದರ ಖರ್ಚು ಇಳಿಯುತ್ತದೆ. ಉಳಿದ ಬಗೆಗಳು ಪಕ್ಕದ ದೇಶದಿಂದ ಬರುತ್ತವೆ, ಗ್ರಾಹಕನಿಗೆ ಆಯ್ಕೆ ಹೆಚ್ಚುತ್ತದೆ.

ಇದನ್ನು ಅಳೆಯುವುದು ನಮ್ಮಂಥ ಕಾಮರ್ಸ್ ವಿದ್ಯಾರ್ಥಿಗಳಿಗೂ ಸಾಧ್ಯ. ಒಂದು ಉದ್ಯಮದ ರಫ್ತು 80, ಆಮದು 60 ಎಂದುಕೊಳ್ಳಿ. ವ್ಯತ್ಯಾಸ 20, ಒಟ್ಟು 140. ಭಾಗಿಸಿದರೆ ಸುಮಾರು 0.14. ಬಲಾಸ್ಸಾ ಅಳತೆಯಲ್ಲಿ ಸೊನ್ನೆ ಬಂದರೆ ವ್ಯಾಪಾರ ಪೂರ್ತಿ ಎರಡೂ ಕಡೆಯದು, ಒಂದು ಬಂದರೆ ಬರೀ ಒಂದು ಕಡೆಯದು. ಇದು ತಲೆಕೆಳಗಾದ ಮಾರ್ಕ್ಸ್ ಕಾರ್ಡ್‌ನಂತೆ ಕಾಣುತ್ತದೆ. ಮುಂದೆ ಗ್ರೂಬೆಲ್ ಮತ್ತು ಲಾಯ್ಡ್ ಅದನ್ನು ಒಂದರಿಂದ ಕಳೆದು 0.86 ಎಂದು ಬರೆಯುವ ಪದ್ಧತಿ ತಂದರು, ಈಗ ಅದೇ ಬಳಕೆಯಲ್ಲಿದೆ. ಆದರೆ ಯಾವುದನ್ನು ಒಂದೇ ಉದ್ಯಮ ಎನ್ನಬೇಕು ಎಂಬುದೇ ತೊಡಕು. ಮಂಗಳೂರಿನ ಎಂ.ಆರ್.ಪಿ.ಎಲ್. ಕಚ್ಚಾ ತೈಲ ತರಿಸಿಕೊಂಡು ಪೆಟ್ರೋಲಿಯಂ ಉತ್ಪನ್ನಗಳನ್ನು ರಫ್ತು ಮಾಡುತ್ತದೆ. ಎರಡನ್ನೂ ಒಂದೇ ಖಾನೆಯಲ್ಲಿ ಬರೆದರೆ ಇದೂ ಅದಲುಬದಲಿನಂತೆಯೇ ಕಾಣುತ್ತದೆ. ಕಾರಿಗೆ ಕಾರು ಕೊಡುವುದಕ್ಕೂ ಇದಕ್ಕೂ ಬಹಳ ಅಂತರವಿದೆ.

ಬಲಾಸ್ಸಾ ಹೇಳಿದ ಇನ್ನೊಂದು ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಬದಲಾವಣೆ ಒಂದೇ ಉದ್ಯಮದೊಳಗೆ ನಡೆದರೆ ಕಾರ್ಮಿಕರಿಗೆ ಹೊಂದಿಕೊಳ್ಳುವುದು ಅಷ್ಟು ಕಷ್ಟವಲ್ಲ ಎಂಬುದು ಅವರ ವಾದ. ಬಟ್ಟೆ ಗಿರಣಿ ಬಿಟ್ಟು ಉಕ್ಕಿನ ಕಾರ್ಖಾನೆಗೆ ಹೋಗುವುದಕ್ಕಿಂತ ಇದು ಹಗುರ, ನಿಜ. ನನ್ನ ಮಾಮು ಚಪ್ಪಲಿ ಕಾರ್ಖಾನೆಯೊಂದರಲ್ಲಿ ಚರ್ಮ ಕತ್ತರಿಸುತ್ತಿದ್ದರು. ಅಲ್ಲಿ ಚರ್ಮದ ಚಪ್ಪಲಿ ನಿಂತು ರಬ್ಬರಿನದು ಶುರುವಾದಾಗ ಕೆಲಸ ಉಳಿಯಿತು, ಆದರೆ ಮೆಷಿನ್ ಕಲಿಯುವವರೆಗೆ ಹೊಸಬರ ಸಂಬಳ ಕೊಟ್ಟರು. ಉದ್ಯಮ ಅದೇ, ಕಾರ್ಖಾನೆಯೂ ಅದೇ. ಸರಾಸರಿ ಅಂಕಿಯಲ್ಲಿ ಮಾಮು ಕಾಣುವುದಿಲ್ಲ.

1961ರ ಪುಸ್ತಕದಲ್ಲಿ ಬಲಾಸ್ಸಾ ದೇಶಗಳು ಆರ್ಥಿಕವಾಗಿ ಒಂದಾಗುವ ಐದು ಹಂತ ಬರೆದರು: ಮುಕ್ತ ವ್ಯಾಪಾರ ವಲಯ, ಸುಂಕ ಒಕ್ಕೂಟ, ಸಾಮಾನ್ಯ ಮಾರುಕಟ್ಟೆ, ಆರ್ಥಿಕ ಒಕ್ಕೂಟ, ಕೊನೆಗೆ ಪೂರ್ಣ ಏಕೀಕರಣ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದುಕೊಂಡೇ ವಿಶ್ವಬ್ಯಾಂಕಿಗೆ ಸಲಹೆಗಾರರಾಗಿದ್ದರು. ಊಟದ ವಿಷಯದಲ್ಲೂ ಲೆಕ್ಕ ಬಿಡಲಿಲ್ಲ. ಪ್ಯಾರಿಸ್‌ನಲ್ಲಿ ಕೊಟ್ಟ ಡಾಲರಿಗೆ ತಕ್ಕ ರುಚಿ ಎಲ್ಲಿ ಸಿಗುತ್ತದೆ ಎಂದು ಹೋಟೆಲುಗಳ ಕೈಪಿಡಿ ಮಾಡಿ ಸ್ನೇಹಿತರಿಗೆ ಹಂಚುತ್ತಿದ್ದರು.

ಅವರು 1991ರ ಮೇ 10ರಂದು ತೀರಿಕೊಂಡರು. ಈ ಬಗೆಯ ವ್ಯಾಪಾರ ಏಕೆ ನಡೆಯುತ್ತದೆ ಎಂಬುದಕ್ಕೆ 1979ರಲ್ಲಿ ಗಣಿತದ ಸಿದ್ಧಾಂತ ಕೊಟ್ಟ ಪಾಲ್ ಕ್ರುಗ್‌ಮನ್‌ಗೆ ನೊಬೆಲ್ ಬಂದದ್ದು 2008ರಲ್ಲಿ.