ಅಂಗಾಲಿನಿಂದ ಉತ್ತರ ಪಡೆದ ವೈದ್ಯ

ಬಳಗಾನೂರಿನಿಂದ ಸಿಂಧನೂರಿಗೆ ಹೋಗುವಾಗ ಒಬ್ಬರು ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು ಎಂದುಕೊಳ್ಳಿ. ಹೆಸರು ಹಿಡಿದು ಕೂಗಿದರೂ ಕಣ್ಣು ತೆರೆಯುತ್ತಿಲ್ಲ. ಆಸ್ಪತ್ರೆಗೆ ತಂದರೆ, ಎಲ್ಲಿ ನೋವು ಎಂದು ಹೇಳಲು ಅವರಿಗೆ ಎಚ್ಚರವೇ ಇಲ್ಲ. ಆಗ ವೈದ್ಯರು ಮಾಡುವ ಒಂದು ಪರೀಕ್ಷೆ ನಿಮಗೆ ವಿಚಿತ್ರವೆನಿಸಬಹುದು. ಪೆಟ್ಟು ಬಿದ್ದದ್ದು ತಲೆಗೆ, ಅವರು ಗೀರಿ ನೋಡುವುದು ಅಂಗಾಲನ್ನು! ಇದನ್ನು ವೈದ್ಯಲೋಕಕ್ಕೆ ಕಲಿಸಿಕೊಟ್ಟವರು ಜೋಸೆಫ್ ಬಾಬಿನ್ಸ್ಕಿ.

ಬಾಬಿನ್ಸ್ಕಿ ಹುಟ್ಟಿದ್ದು 1857ರ ನವೆಂಬರ್ 17ರಂದು, ಫ್ರಾನ್ಸಿನ ಪ್ಯಾರಿಸ್ ನಗರದಲ್ಲಿ. ಅವರ ಮನೆಯವರು ಪೋಲೆಂಡಿನಿಂದ ನೆಲೆ ತಪ್ಪಿ ಬಂದವರು. ವೈದ್ಯರಾದ ಮೇಲೆ ಅವರು ಶಾರ್ಕೋ ಎಂಬ ಹೆಸರಾಂತ ನರರೋಗ ತಜ್ಞರ ಶಿಷ್ಯರಾದರು. ಆದರೆ 1892ರಲ್ಲಿ ಪ್ರಾಧ್ಯಾಪಕ ಹುದ್ದೆಗೆ ದಾರಿಯಾಗುವ ಸ್ಪರ್ಧಾ ಪರೀಕ್ಷೆಯಲ್ಲಿ ಆಯ್ಕೆಯಾಗಲಿಲ್ಲ. ಮುಂದೆಯೂ ಅವರು ಪ್ರಾಧ್ಯಾಪಕರಾಗಲಿಲ್ಲ. ಪಿಟಿಯೆ ಎಂಬ ಆಸ್ಪತ್ರೆಯಲ್ಲಿ ರೋಗಿಗಳ ನಡುವೆಯೇ ಉಳಿದರು. ನನ್ನನ್ನು ಕೇಳಿದರೆ, ಅದರಿಂದ ರೋಗಿಗಳಿಗೆ ಲಾಭವೇ ಆಯಿತು.

ಆಗ ಮೆದುಳಿನ ಒಳಗನ್ನು ತೋರಿಸುವ ಸ್ಕ್ಯಾನ್ ಯಂತ್ರಗಳಿರಲಿಲ್ಲ. ಕಾಲು ಆಡದ ಇಬ್ಬರು ಬಂದರೆ, ಒಬ್ಬರಿಗೆ ಮೆದುಳಿಗೇ ಪೆಟ್ಟಾಗಿರಬಹುದು, ಇನ್ನೊಬ್ಬರಿಗೆ ಮನಸ್ಸಿನ ಬೇಗುದಿ ಕಾರಣವಿರಬಹುದು. ಹೊರಗಿನಿಂದ ಇಬ್ಬರೂ ಒಂದೇ. ಬೇರ್ಪಡಿಸುವುದು ಹೇಗೆ? ಬಾಬಿನ್ಸ್ಕಿ ಹೆಚ್ಚು ಮಾತನಾಡದೆ ಬಹಳ ಹೊತ್ತು ರೋಗಿಯನ್ನು ಪರೀಕ್ಷಿಸುತ್ತಿದ್ದರು. ಅಂಗಾಲಿನ ಹೊರ ಅಂಚನ್ನು ಹಿಮ್ಮಡಿಯಿಂದ ಬೆರಳಿನ ಕಡೆಗೆ ಗೀರಿದಾಗ ಆರೋಗ್ಯವಂತರ ಕಾಲ್ಬೆರಳು ಕೆಳಕ್ಕೆ ಮಡಚುತ್ತವೆ. ಮೆದುಳಿನಿಂದ ಕಾಲಿಗೆ ಆಜ್ಞೆ ಒಯ್ಯುವ ನರಮಾರ್ಗ ಕೆಟ್ಟಿದ್ದರೆ ಹೆಬ್ಬೆರಳು ಮೇಲಕ್ಕೇಳುತ್ತದೆ. ಬೇಕೆಂದು ಮಾಡುವ ಚಲನೆ ಇದಲ್ಲ. ಇದು ಪರಾವರ್ತಿತ ಪ್ರತಿಕ್ರಿಯೆ. 1896ರ ಫೆಬ್ರವರಿಯಲ್ಲಿ ಅವರು ಇದನ್ನು ವಿದ್ವಾಂಸರ ಸಭೆಯ ಮುಂದಿಟ್ಟರು. ಆ ಬರಹ ಬಹಳ ಚಿಕ್ಕದು!

ನಿಮ್ಮ ಮನೆಯಲ್ಲಿ ಎಳೆಗೂಸು ಇದ್ದರೆ ಅಮ್ಮನನ್ನು ಕೇಳಿ, ಅದರ ಅಂಗಾಲಿನ ಅಂಚಿನ ಮೇಲೆ ಮೆಲ್ಲಗೆ ಬೆರಳೆಳೆದು ನೋಡಿ. ಹೆಬ್ಬೆರಳು ಮೇಲೆದ್ದರೆ ಗಾಬರಿಯಾಗಬೇಡಿ. ಕೂಸಿನ ನರಗಳಿಗೆ, ವಿದ್ಯುತ್ ತಂತಿಗೆ ಇರುವಂಥ ಹೊದಿಕೆ ಇನ್ನೂ ಪೂರ್ತಿ ಬಂದಿರುವುದಿಲ್ಲ. ಸುಮಾರು ಎರಡು ವರ್ಷದೊಳಗೆ ಇದು ಬದಲಾಗುತ್ತದೆ. ಯುರೋಪಿನ ಹಳೆಯ ಚಿತ್ರಕಾರರು ಬರೆದ ಕೆಲವು ಶಿಶುಗಳ ಹೆಬ್ಬೆರಳೂ ಹೀಗೆಯೇ ಎದ್ದಿದೆ. ಕಂಡವರು ಹಲವರು, ಅರ್ಥ ಹುಡುಕಿದವರು ಬಾಬಿನ್ಸ್ಕಿ.

ಈಗ ನಮ್ಮ ಗಾಯಾಳುವಿನ ಬಳಿಗೆ ಬನ್ನಿ. ಒಂದೇ ಪಾದದ ಹೆಬ್ಬೆರಳು ಮೇಲೆದ್ದರೆ ಮೆದುಳಿನ ವಿರುದ್ಧ ಬದಿಗೆ ಪೆಟ್ಟಾಗಿದೆಯೇ ಎಂದು ವೈದ್ಯರು ಅನುಮಾನಿಸುತ್ತಾರೆ. ಏಕೆಂದರೆ ಎಡ ಮೆದುಳು ನಡೆಸುವುದು ಬಲಗಾಲನ್ನು. ಆದರೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದು ಎಚ್ಚರ ತಪ್ಪಿದವರಲ್ಲೂ ಹೆಬ್ಬೆರಳು ಏಳಬಹುದು. ಹೀಗಾಗಿ ಅಂಗಾಲೊಂದನ್ನೇ ನಂಬುವಂತಿಲ್ಲ. ಕಣ್ಣಿಗೆ ಬೆಳಕು ಬಿಟ್ಟು ಪಾಪೆ ಕಿರಿದಾಗುವುದೇ ಎಂದು ನೋಡುತ್ತಾರೆ. ಉಗುರಿನ ಬುಡ ಒತ್ತಿ ಕೈ ಎಳೆದುಕೊಳ್ಳುವರೇ ಎಂದು ಗಮನಿಸುತ್ತಾರೆ. 1974ರಲ್ಲಿ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ಎಚ್ಚರವನ್ನು ಅಳೆಯಲು ಒಂದು ಅಳತೆ ರೂಪಿಸಿದರು. ಇಂದು ಅದರಲ್ಲಿ ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಚಲನೆಗೆ 6 ಅಂಕ. ಪೂರ್ಣ ಎಚ್ಚರವಿದ್ದರೆ 15. ಏನೂ ಪ್ರತಿಕ್ರಿಯೆ ಇಲ್ಲದಿದ್ದರೂ 3 ಸಿಗುತ್ತದೆ, ಸೊನ್ನೆ ಇಲ್ಲ! ಗಂಟೆಗೊಮ್ಮೆ ಅಳೆದಾಗ ಅಂಕ ಇಳಿಯುತ್ತಿದ್ದರೆ ತಡಮಾಡುವಂತಿಲ್ಲ.

ಬಾಬಿನ್ಸ್ಕಿ 1922ರವರೆಗೆ ಅದೇ ಆಸ್ಪತ್ರೆಯಲ್ಲಿ ದುಡಿದರು. ಮದುವೆಯಾಗಲಿಲ್ಲ, ಅಣ್ಣ ಹೆನ್ರಿಯ ಜೊತೆ ಇದ್ದರು. ಗಣಿ ಎಂಜಿನಿಯರ್ ಆಗಿದ್ದ ಈ ಅಣ್ಣ ಅಡುಗೆಯಲ್ಲೂ ನಿಪುಣ; 1907ರಲ್ಲಿ ಆಲಿ-ಬಾಬ್ ಎಂಬ ಹೆಸರಿನಲ್ಲಿ ಪಾಕಶಾಸ್ತ್ರದ ದೊಡ್ಡ ಪುಸ್ತಕವನ್ನೇ ಬರೆದರು. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಎಂಬ ನರರೋಗ ಬಾಬಿನ್ಸ್ಕಿ ಅವರನ್ನೇ ಹಿಡಿಯಿತು. 1931ರಲ್ಲಿ ಅಣ್ಣ ತೀರಿಕೊಂಡರು. ಮರುವರ್ಷ ಅಕ್ಟೋಬರ್ 29ರಂದು ತಮ್ಮನೂ ಹೋದರು.