ಶ್ರೀಮತಿ ಡೊರೊಥಿ ಹಾಜ್‌ಕಿನ್

ಘಾಟಬೋರಾಳ, ಹುಮನಾಬಾದ, ಬಸವಕಲ್ಯಾಣದ ಕಡೆಯ ಮನೆಗಳಲ್ಲಿ ಕಿವಿನೋವೆದ್ದರೆ ಬೆಚ್ಚಗಿನ ಎಣ್ಣೆಯ ಎರಡು ಹನಿ ಬಿಡುವುದು ಹಳೆಯ ಪದ್ಧತಿಯು. ಅನೇಕ ವೇಳೆ ನೋವು ತಾನಾಗಿಯೇ ಇಳಿಯುವುದರಿಂದ ಕೀರ್ತಿಯು ಎಣ್ಣೆಗೆ ಸಲ್ಲುತ್ತದೆ. ಆದರೆ ಸಕ್ಕರೆ ಕಾಯಿಲೆಯುಳ್ಳ ವೃದ್ಧರಲ್ಲಿ ಈ ನೋವು ಕೆಲವೊಮ್ಮೆ ಘೋರರೂಪವನ್ನು ತಾಳುವುದುಂಟು. ಸ್ಯೂಡೊಮೊನಾಸ್ ಎಂಬ ಸೂಕ್ಷ್ಮಜೀವಿಯು ಹೊರಕಿವಿಯ ನಾಳದಿಂದ ತಲೆಬುರುಡೆಯ ಬುಡದ ಎಲುಬಿಗೆ ಹಬ್ಬಿ, ರಾತ್ರಿ ನಿದ್ರೆಗೊಡದೆ, ಕೆಲವರಲ್ಲಿ ಮುಖದ ಒಂದು ಪಾರ್ಶ್ವದ ಶಕ್ತಿಯನ್ನೇ ಅಪಹರಿಸುತ್ತದೆ. 1968ರಲ್ಲಿ ಚಾಂಡ್ಲರ್ ಎಂಬ ಅಮೆರಿಕದ ವೈದ್ಯರು ಇದನ್ನು ವರ್ಣಿಸಿದಾಗ, ಅವರ ರೋಗಿಗಳಲ್ಲಿ ಹೆಚ್ಚುಕಡಮೆ ಅರ್ಧ ಮಂದಿ ಉಳಿದಿರಲಿಲ್ಲ. ಈಗ ಬಹುಮಂದಿ ಉಳಿಯುತ್ತಾರೆ. ಈ ವ್ಯತ್ಯಾಸಕ್ಕೆ ಕಾರಣರಾದವರಲ್ಲಿ ಒಬ್ಬ ಮಹಿಳೆಯೂ ಇದ್ದಾರೆ. ಅವರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ನಿವೇದಿಸಲು ಇಚ್ಛಿಸುತ್ತೇವೆ.

ಡೊರೊಥಿಯವರು 1910ನೆಯ ಇಸವಿ ಮೇ 12ರಂದು ಕೈರೋ ನಗರದಲ್ಲಿ ಜನಿಸಿದರು. ತಂದೆಯವರು ಈಜಿಪ್ಟ್, ಸುಡಾನ್ ದೇಶಗಳ ವಿದ್ಯಾ ಇಲಾಖೆಯಲ್ಲಿದ್ದುದರಿಂದ ಬಾಲಕಿಯು ಇಂಗ್ಲೆಂಡಿನಲ್ಲಿ ಬಹುಕಾಲ ಹೆತ್ತವರನ್ನು ಅಗಲಿ ಬೆಳೆಯಬೇಕಾಯಿತು. ವಸತಿಗೃಹದಲ್ಲಿ ಬೆಳೆದ ನಮ್ಮ ಹುಡುಗಿಯರಿಗೆ ಆ ಅಗಲಿಕೆಯನ್ನು ವಿವರಿಸಬೇಕಾದುದಿಲ್ಲ. ಬೆಕಲ್ಸ್ ಎಂಬ ಊರಿನ ಶಾಲೆಯಲ್ಲಿ ರಸಾಯನಶಾಸ್ತ್ರವು ಹುಡುಗರ ಪಾಠವೆನಿಸಿತ್ತು. ಅವರೊಡನೆ ಕಲಿಯಲು ಅನುಮತಿ ಪಡೆದ ಇಬ್ಬರು ಹುಡುಗಿಯರಲ್ಲಿ ಇವರೊಬ್ಬರು. 1928ರಲ್ಲಿ ಆಕ್ಸ್‌ಫರ್ಡಿನ ಸೋಮರ್‌ವಿಲ್ ಕಾಲೇಜನ್ನು ಸೇರಿ, ಅನಂತರ ಕೇಂಬ್ರಿಜ್ಜಿನಲ್ಲಿ ಬರ್ನಾಲ್ ಎಂಬ ವಿಜ್ಞಾನಿಗಳ ಬಳಿ ಸ್ಫಟಿಕಗಳ ಅಧ್ಯಯನವನ್ನು ಮಾಡಿದರು. 1934ರಲ್ಲಿ, ಇಪ್ಪತ್ತನಾಲ್ಕರ ಪ್ರಾಯದಲ್ಲಿಯೇ, ಕೈಗಳ ಗಂಟುಗಳು ಬಾತು ಸಂಧಿವಾತವೆಂದು ತಿಳಿದುಬಂದಿತು. ಆ ವ್ಯಾಧಿಯು ಜೀವಮಾನಪರ್ಯಂತ ಬಿಡಲಿಲ್ಲ. ಕಣ್ಣಿಗೆ ಕಾಣಿಸಿಯೂ ಕಾಣಿಸದಷ್ಟು ಸಣ್ಣ ಹರಳುಗಳನ್ನು ಹಿಡಿದು ನಿಲ್ಲಿಸಬೇಕಾದ ಕೈಗಳವು!

ಹರಳಿನ ಮೂಲಕ ಕ್ಷ-ಕಿರಣವನ್ನು ಹಾಯಿಸಿ, ಚದರಿ ಬಿದ್ದ ಚುಕ್ಕೆಗಳನ್ನು ಅಳೆದು, ದೀರ್ಘ ಗಣಿತದಿಂದ ಪರಮಾಣುಗಳ ಸ್ಥಾನವನ್ನು ನಿರ್ಣಯಿಸುವುದೇ ಅವರ ವಿದ್ಯೆ. ಹೀಗೆ 1945ರಲ್ಲಿ ಪೆನಿಸಿಲಿನ್ನಿನ ರಚನೆಯು ಬಯಲಾಯಿತು. ಅದರ ನಡುವೆ ನಾಲ್ಕೇ ಪರಮಾಣುಗಳ ಬಿಗಿದ ಉಂಗುರವೊಂದಿತ್ತು. ಅಂತಹುದು ಇರಲಾರದೆಂದು ದೊಡ್ಡ ರಸಾಯನಜ್ಞರೇ ವಾದಿಸಿದ್ದರು. ಸೂಕ್ಷ್ಮಜೀವಿಯು ತನ್ನ ಗೋಡೆಯನ್ನು ಕಟ್ಟಿಕೊಳ್ಳುವುದನ್ನು ಕೆಡಿಸುವ ಸಾಮರ್ಥ್ಯವು ಆ ಉಂಗುರದಲ್ಲಿಯೇ ಅಡಗಿದೆ.

ಆದರೂ ಮೂಲ ಪೆನಿಸಿಲಿನ್ನಿಗೆ ಸ್ಯೂಡೊಮೊನಾಸ್ ಮಣಿಯುವುದಿಲ್ಲ. ಸಾರ್ಡೀನಿಯ ದ್ವೀಪದ ಕಾಲ್ಯಾರಿ ಪಟ್ಟಣದ ಕೊಳಚೆನೀರು ಸಮುದ್ರ ಸೇರುವೆಡೆಯಲ್ಲಿ ಬ್ರೋತ್ಸು ಎಂಬ ಪ್ರಾಧ್ಯಾಪಕರು 1945ರಲ್ಲಿ ಬೇರೊಂದು ಬೂಷ್ಟನ್ನು ಕಂಡಿದ್ದರು. ಅದರಿಂದ ಆಕ್ಸ್‌ಫರ್ಡಿನಲ್ಲಿ ತೆಗೆದ ಸೆಫಲೊಸ್ಪೋರಿನ್ ಸಿ ಎಂಬುದರ ರಚನೆಯನ್ನು ಡೊರೊಥಿಯವರು ಮಾಸ್ಲೆನ್‌ರವರೊಡನೆ 1961ರಲ್ಲಿ ಸ್ಥಿರಪಡಿಸಿದರು. ಅಲ್ಲಿಯೂ ಅದೇ ಉಂಗುರ! ಆ ವಂಶದಲ್ಲಿ ಮುಂದೆ ಹುಟ್ಟಿದ ಸೆಫ್ಟಾಜಿಡೀಮ್ ಎಂಬ ಔಷಧವನ್ನು ಇಂದು ಈ ಕಿವಿರೋಗಕ್ಕೆ ರಕ್ತನಾಳದ ಮೂಲಕ ಕೊಡುವರು. ಬೇರೆ ಕುಲದ ಸಿಪ್ರೊಫ್ಲಾಕ್ಸಸಿನ್ ಗುಳಿಗೆಯೂ ಉಂಟು. ಕೀವನ್ನು ಪರೀಕ್ಷಿಸಿ ವೈದ್ಯರು ಆರಿಸುತ್ತಾರೆ. ಚಿಕಿತ್ಸೆಯು ಆರು ವಾರಗಳಿಗೆ ಕಡಮೆಯಾಗದು. ನೋವು ತಗ್ಗಿತೆಂದು ನಡುವೆ ನಿಲ್ಲಿಸಿದರೆ ರೋಗವು ಮರಳುವುದೆಂಬುದನ್ನು ಮನೆಯ ಹೆಣ್ಣುಮಕ್ಕಳು ಹಿರಿಯರಿಗೆ ಒತ್ತಿ ಹೇಳಬೇಕು.

ರಕ್ತದಲ್ಲಿನ ಸಕ್ಕರೆಯನ್ನು ಹತೋಟಿಗೆ ತರದೆ ಈ ಔಷಧಗಳು ಪೂರ್ಣವಾಗಿ ಫಲಿಸವು. ಅದಕ್ಕೆ ಬೇಕಾಗುವ ಇನ್ಸುಲಿನ್ನಿನ ಹರಳನ್ನೂ ಇವರೇ 1935ರಲ್ಲಿ ಕೈಗೆತ್ತಿಕೊಂಡಿದ್ದರು. ರಚನೆಯು ತಿಳಿದುದು 1969ರಲ್ಲಿ. ಆ ಸಾಧನೆಯ ಸಹಭಾಗಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಕಲಿತು ಹೋಗಿದ್ದ ಎಂ. ವಿಜಯನ್‌ರವರಿದ್ದರು. ಅವರು ಹಿಂದಿರುಗಿ ಬಂದು ಅದೇ ಮಂದಿರದಲ್ಲಿ ಈ ವಿದ್ಯೆಯನ್ನು ಬೆಳೆಸಿದರು.

1937ರಲ್ಲಿ ಥಾಮಸ್ ಹಾಜ್‌ಕಿನ್‌ರವರನ್ನು ವಿವಾಹವಾಗಿ ಮೂವರು ಮಕ್ಕಳನ್ನು ಸಾಕಿದರು. 1964ರಲ್ಲಿ ನೊಬೆಲ್ ಪಾರಿತೋಷಕವು ದೊರೆತಾಗ ಅಲ್ಲಿಯ ಒಂದು ಪತ್ರಿಕೆಯು ಇವರನ್ನು ಗೃಹಿಣಿಯೆಂದೇ ತಲೆಬರಹದಲ್ಲಿ ಅಚ್ಚುಹಾಕಿತು. ಇದನ್ನು ಓದಿ ನಗುವುದೋ ಕೋಪಿಸುವುದೋ ನಮಗೆ ತಿಳಿಯದು. 1993ರಲ್ಲಿ, ನಡೆಯಲಾರದೆ ಇದ್ದರೂ, ಗಾಲಿಕುರ್ಚಿಯಲ್ಲಿ ಕುಳಿತು ಬೀಜಿಂಗಿನ ಸ್ಫಟಿಕವಿಜ್ಞಾನಿಗಳ ಮಹಾಸಭೆಗೆ ಹೋಗಿಬಂದರು. ಮರುವರ್ಷ ಜುಲೈ 29ರಂದು ತೀರಿಕೊಂಡರು.