ಪ್ಲೇಗ್ ಮಾರಿಗೆ ಲಸಿಕೆ ಕಂಡ ಹಾಫ್‌ಕಿನ್

ಇಲಿ ಸತ್ತು ಬಿದ್ದರೆ ಊರೇ ಖಾಲಿಯಾಗುತ್ತಿದ್ದ ಕಾಲವೊಂದಿತ್ತು. ಮನೆಗೆ ಬೀಗ ಜಡಿದು, ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ಜನ ದಿನ ದೂಡುತ್ತಿದ್ದರು. 1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲಿನ ಹಾದಿ ಹಿಡಿದು ಬೆಂಗಳೂರನ್ನು ಹೊಕ್ಕ ಪ್ಲೇಗ್ ಸಾವಿರಾರು ಜೀವಗಳನ್ನು ಬಲಿ ಪಡೆಯಿತು. ಈ ಸೀಮೆಯ ಪ್ಲೇಗ್ ಮಾರಮ್ಮನ ಗುಡಿಗಳು ಆ ಭೀತಿಗೆ ಇಂದಿಗೂ ಸಾಕ್ಷಿಯಾಗಿವೆ. ಈ ಮಾರಿಯ ವಿರುದ್ಧ ಲಸಿಕೆ ಸಿದ್ಧಪಡಿಸಿದವರು ವಾಲ್ಡೆಮಾರ್ ಹಾಫ್‌ಕಿನ್.

1860ರ ಮಾರ್ಚ್ 15ರಂದು ಒಡೆಸ್ಸಾದ ಯಹೂದಿ ಕುಟುಂಬದಲ್ಲಿ ಜನಿಸಿದ ಹಾಫ್‌ಕಿನ್, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಇಲ್ಯಾ ಮೆಚ್ನಿಕಾಫ್ ಅವರ ಶಿಷ್ಯರಾದರು. ದೇಹದೊಳಗೆ ಸಂಚರಿಸುವ ಕೆಲವು ಕೋಶಗಳು ರೋಗಾಣುಗಳನ್ನು ನುಂಗಿ ಹಾಕುತ್ತವೆ ಎಂದು ತೋರಿಸಿ, ಹುಟ್ಟಿನಿಂದಲೇ ಬರುವ ರೋಗನಿರೋಧಕ ಶಕ್ತಿಯ ಅಧ್ಯಯನಕ್ಕೆ ಅಡಿಪಾಯ ಹಾಕಿದವರು ಮೆಚ್ನಿಕಾಫ್. 1908ರಲ್ಲಿ ಅವರೊಡನೆ ನೊಬೆಲ್ ಹಂಚಿಕೊಂಡ ಪಾಲ್ ಎರ್ಲಿಖ್, 1878ರಲ್ಲೇ ಮಾಸ್ಟ್ ಕೋಶಗಳನ್ನು ಗುರುತಿಸಿ ಹೆಸರಿಟ್ಟಿದ್ದರು. ಚರ್ಮದಡಿಯ ಈ ಕಾವಲುಗಾರರು ಬ್ಯಾಕ್ಟೀರಿಯಾ ನುಸುಳಿದೊಡನೆ ರಾಸಾಯನಿಕಗಳನ್ನು ಚೆಲ್ಲಿ ಬಿಳಿ ರಕ್ತಕಣಗಳನ್ನು ಕರೆತರುತ್ತಾರೆಂಬುದು ಇಲಿಗಳ ಮೇಲಿನ ಪ್ರಯೋಗಗಳಿಂದ ದೃಢಪಟ್ಟದ್ದು ಮಾತ್ರ 1996ರಲ್ಲಿ.

ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಗ್ರಂಥಪಾಲಕರಾಗಿ ಸೇರಿದ ಹಾಫ್‌ಕಿನ್ ಕಾಲರಾ ಲಸಿಕೆ ರೂಪಿಸಿ, 1892ರಲ್ಲಿ ಅದನ್ನು ಮೊದಲು ತಮ್ಮ ದೇಹಕ್ಕೇ ಚುಚ್ಚಿಕೊಂಡರು. 1893ರಲ್ಲಿ ಭಾರತಕ್ಕೆ ಬಂದರು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ ಸರ್ಕಾರ ಅವರನ್ನು ಅಲ್ಲಿಗೆ ಕರೆಸಿತು. ಪ್ಲೇಗ್ ಬ್ಯಾಕ್ಟೀರಿಯಾಗಳನ್ನು ಸಾರಿನಲ್ಲಿ ಬೆಳೆಸಿ, ಕಾಯಿಸಿ ಕೊಂದು ತಯಾರಿಸಿದ ಲಸಿಕೆಯನ್ನು 1897ರ ಜನವರಿ 10ರಂದು ಮತ್ತೆ ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು. ಚುಚ್ಚಿದ ಜಾಗ ಊದಿಕೊಂಡು ಜ್ವರ ಬರುತ್ತಿತ್ತು. ಅದು ದೇಹದ ಕಾವಲು ಪಡೆ ಎಚ್ಚೆತ್ತುದರ ಗುರುತು. ಜನರಿಗೆ ಮಾತ್ರ ಅದೇ ಭಯಕ್ಕೆ ಕಾರಣವಾಯಿತು. ಆದರೂ 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಮಂದಿ ಲಸಿಕೆ ಹಾಕಿಸಿಕೊಂಡರು. ಲಸಿಕೆ ರೋಗವನ್ನು ಪೂರ್ಣವಾಗಿ ತಡೆಯದಿದ್ದರೂ ಸಾವನ್ನು ಗಣನೀಯವಾಗಿ ತಗ್ಗಿಸಿತು.

1902ರ ಅಕ್ಟೋಬರ್‌ನಲ್ಲಿ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಲಸಿಕೆ ಪಡೆದ 107 ಮಂದಿಯಲ್ಲಿ 19 ಮಂದಿ ಧನುರ್ವಾಯುವಿನಿಂದ ಮೃತಪಟ್ಟರು. ಇದರ ಹೊಣೆಯನ್ನು ಹಾಫ್‌ಕಿನ್ ಮೇಲೆ ಹೊರಿಸಿ ಅವರನ್ನು ಹುದ್ದೆಯಿಂದ ದೂರವಿಡಲಾಯಿತು. ಆ 19 ಮಂದಿ ಪಡೆದಿದ್ದ ಲಸಿಕೆಯೆಲ್ಲ ಒಂದೇ ಬಾಟಲಿಯದು. ಅದನ್ನು ತೆರೆಯುವಾಗ ನೆಲಕ್ಕೆ ಬಿದ್ದ ಚಿಮಟವನ್ನು ಸರಿಯಾಗಿ ಶುದ್ಧಗೊಳಿಸದೆ ಬಳಸಲಾಗಿತ್ತೆಂಬುದು ನಂತರ ಬೆಳಕಿಗೆ ಬಂತು. ರೊನಾಲ್ಡ್ ರಾಸ್ ಮುಂತಾದ ವಿಜ್ಞಾನಿಗಳು ಅವರ ಪರ ನಿಂತರು. 1907ರಲ್ಲಿ ಕಳಂಕ ತೊಳೆಯಿತು. ಹಾಫ್‌ಕಿನ್ ಭಾರತಕ್ಕೆ ಮರಳಿದರೂ ಮೊದಲಿನ ಸ್ಥಾನ ದೊರೆಯಲಿಲ್ಲ.

ಅವರು ಕಟ್ಟಿದ ಮುಂಬಯಿಯ ಪ್ರಯೋಗಾಲಯಕ್ಕೆ 1925ರಲ್ಲಿ ಅವರದೇ ಹೆಸರಿಡಲಾಯಿತು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ಹಾಫ್‌ಕಿನ್ ಕೊನೆಯುಸಿರೆಳೆದರು. ಮಾರಮ್ಮನಿಗೆ ಗುಡಿ ಕಟ್ಟಿದ ನಾಡು, ಸೂಜಿ ಹಿಡಿದು ಬಂದ ಈ ಪರದೇಶಿಯನ್ನು ನೆನೆಯುವುದು ಅಪರೂಪ.